ಪರಿಚಯದ ಹೊಗೆ

ಮನೆಗೂ ಒಂದು ಮೂಗು ಇದ್ದರೆ ಹೇಗೆ ಎಂದು ಮೊದಲು ಕೇಳಿದವರು ಶ್ರೀಪಾದ ಗಲಗಲಿ ಸರ್. ನಾನು ಆಗ ಧಾರವಾಡದಲ್ಲಿ ಅವರ ಕೈಕೆಳಗೆ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ನಮ್ಮ ಪ್ರಯೋಗಾಲಯದ ಮಾಳಿಗೆಗೆ, ನಮ್ಮ ತಲೆಯ ಮೇಲೆಯೇ, ಒಂದು ಹೊಗೆಗಂಟೆ ಹಾಕಿದ್ದರು. ಪಕ್ಕದ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಕರಿದಾಗಲೆಲ್ಲ ಅದು ಕಿರುಚಿಕೊಳ್ಳುತ್ತಿತ್ತು. ನಿಜವಾಗಿಯೂ ವೈರು ಸುಟ್ಟ ದಿನ ಯಾರೂ ತಲೆ ಎತ್ತಿ ನೋಡಲಿಲ್ಲ. ಭಜಿಯ ವೇಳೆಯಾಯಿತು ಎಂದುಕೊಂಡು ಚಹಾಕ್ಕೆ ಎದ್ದೆವು. ಆಮೇಲೆ ಸರ್ ಸ್ಟೂಲು ಹತ್ತಿ ಆ ಗಂಟೆಯನ್ನು ಬಿಚ್ಚಿ, ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಇದಕ್ಕೆ ಹೊಗೆ ಗೊತ್ತು, ಯಾವ ಹೊಗೆ ಎಂಬುದು ಗೊತ್ತಿಲ್ಲ. ನಮ್ಮ ಅವ್ವಂದಿರಿಗೆ ಹಿತ್ತಲಲ್ಲಿ ನಿಂತೇ ಒಲೆಯ ಮೇಲೆ ಸೀದದ್ದು ಹಾಲೋ ಬೇಳೆಯೋ ತಿಳಿಯುತ್ತದಲ್ಲ, ಅಂಥ ಮೂಗು ಬೇಕು ಎಂದರು. ಗುರುವಿನ ಆ ಒಂದು ಮಾತಿಗೆ ನಾನು ಅರ್ಧ ಆಯುಷ್ಯ ಕೊಟ್ಟೆ.

ಮೂಗಿನ ಒಳಗಿನ ಸಂಗತಿ ಅಷ್ಟೇನೂ ಕಷ್ಟದ್ದಲ್ಲ. ತೆಂಗಿನ ಕರಟದಷ್ಟು ದೊಡ್ಡ ಬಿಳಿಯ ಬಟ್ಟಲು. ಅದರೊಳಗೆ ತೆಳ್ಳನೆಯ ಪದರಗಳು, ಒಂದೊಂದು ಪದರಕ್ಕೆ ಒಂದೊಂದು ಅನಿಲ ಅಂಟುತ್ತದೆ. ಎಣ್ಣೆ ಸುಟ್ಟರೆ ಒಂದು ಗುಂಪಿನ ಪದರಗಳು ಎಚ್ಚರಗೊಳ್ಳುತ್ತವೆ, ಹತ್ತಿ ಸುಟ್ಟರೆ ಇನ್ನೊಂದು ಗುಂಪು, ಪ್ಲಾಸ್ಟಿಕ್ ಸುಟ್ಟರೆ ಮತ್ತೊಂದು. ಆ ಗುರುತನ್ನು ಮೂಗು ನೆನಪಿಟ್ಟುಕೊಳ್ಳುತ್ತದೆ. ಪರಿಚಯದ ಹೊಗೆ ಬಂದರೆ ಹಸಿರು ದೀಪ ಮಿಣುಕಿಸಿ ಸುಮ್ಮನಿರುತ್ತದೆ. ಪರಿಚಯವಿಲ್ಲದ್ದು ಬಂದರೆ ಒದರುತ್ತದೆ, ನಿಯಂತ್ರಣ ಕೊಠಡಿಗೆ ತಿಳಿಸುತ್ತದೆ, ಮಾಳಿಗೆಯ ನಳಗಳಿಂದ ನೀರು ಬಿಡುತ್ತದೆ, ಹೊಗೆ ಮೆಟ್ಟಿಲಿಗೆ ನುಗ್ಗದಂತೆ ಬಾಗಿಲು ಹಾಕುತ್ತದೆ. ಹಳೆಯ ಕಟ್ಟಡಗಳ ನೀರಿನ ನಳಗಳಿಗೆ ಗಾಜಿನ ಗುಳಿಗೆ ಇರುತ್ತಿತ್ತು. ಕಾವಿಗೆ ಅದು ಒಡೆದರೆ ನೀರು ಚಿಮ್ಮುತ್ತಿತ್ತು. ಆದರೆ ಉರಿಯಿಲ್ಲದೆ ಒಳಗೊಳಗೇ ಹೊಗೆಯಾಡುವ ಬೆಂಕಿಗೆ ಗಾಜು ಒಡೆಯುವಷ್ಟು ಕಾವು ಇರುವುದಿಲ್ಲ. ಮಲಗಿದ ಮನುಷ್ಯರನ್ನು ಕೊಲ್ಲುವುದು ಹೆಚ್ಚಾಗಿ ಉರಿಯಲ್ಲ, ಆ ಹೊಗೆಯಲ್ಲಿ ಬೆರೆತಿರುವ ವಾಸನೆಯಿಲ್ಲದ ವಿಷ. ಅದಕ್ಕೇ ಮೂಗು ಬೇಕಾಗಿತ್ತು.

ಹತ್ತು ಅಂತಸ್ತು ಮೀರಿದ ಕಟ್ಟಡಕ್ಕೆಲ್ಲ ಮೂಗು ಇರಲೇಬೇಕು ಎಂಬ ಕಾನೂನು ಬಂದ ಮೇಲೆ ಸರ್ ಒಂದು ಸಂಸ್ಥೆ ಕಟ್ಟಿದರು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ದಂಡೆಗೆ ಎದ್ದ ಬೆಳ್ಳಿಚುಕ್ಕಿ ಗೋಪುರ ನಮ್ಮ ಮೊದಲ ಕಟ್ಟಡ. ಅದರ ತಳಮನೆಯಲ್ಲೇ ನಿಯಂತ್ರಣ ಕೊಠಡಿ, ಅದರ ಎಂಟನೆಯ ಅಂತಸ್ತಿನಲ್ಲಿ ನನ್ನ ಮನೆ. ಮೂಗು ತಯಾರಿಸುವವರು ಬೇರೆಯವರು. ಮನೆಮನೆಗೆ ಹೋಗಿ ಅದಕ್ಕೆ ಪಾಠ ಹೇಳುವುದು ನನ್ನ ಕೆಲಸ. ಮಂದಿ ನನ್ನ ಹೆಸರು ಇಂದುಮತಿ ಅಂಗಡಿ ಎಂಬುದನ್ನು ಮರೆತು ಮೂಗಿನ ಅಕ್ಕೋರು ಎಂದೇ ಕರೆಯತೊಡಗಿದರು. ಶಾಲೆಯ ಅಕ್ಕೋರಿಗಿಂತ ನನಗೇ ಹೆಚ್ಚು ಮರ್ಯಾದೆ ಸಿಕ್ಕಿತೆಂದರೆ ಸುಳ್ಳಲ್ಲ.

ಪಾಠವೆಂದರೆ ಆ ಮನೆಯ ಹೊಗೆಗಳನ್ನೆಲ್ಲ ಮೂಗಿಗೆ ತೋರಿಸುವುದು. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ ಮೇಲೆ ಮೂಗಿಗೆ ಒಗ್ಗರಣೆ ತೋರಿಸುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿತು. ಕೆಲವರು ಅದಕ್ಕೆ ಕುಂಕುಮ ಹಚ್ಚಿದರು. ಪದರ ಹಾಳಾಗುತ್ತದೆ ಎಂದು ನಾನು ಒರೆಸಿದರೆ ಮುಖ ಗಂಟು ಹಾಕಿದರು. ಕಾರವಾರದ ಕಡೆಯಿಂದ ಬಂದವರು ಒಣಮೀನು ಸುಟ್ಟು ತೋರಿಸಿದರು. ಮೂರನೆಯ ಅಂತಸ್ತಿನ ನಿವೃತ್ತ ಹೆಡ್‌ಮಾಸ್ತರರು ಹೆಂಡತಿ ಗುಡಿಗೆ ಹೋದ ಹೊತ್ತು ನೋಡಿ ನನ್ನನ್ನು ಕರೆಸಿ, ಒಂದು ಬೀಡಿ ಹಚ್ಚಿ, ಇದನ್ನೂ ಕಲಿಸಿಬಿಡಿ, ಅವಳಿಗೆ ಹೇಳಬೇಡಿ ಎಂದರು. ಏಳನೆಯ ಅಂತಸ್ತಿನ ಕಲ್ಲವ್ವಜ್ಜಿ ಅಮಾವಾಸ್ಯೆಗೊಮ್ಮೆ ಮೊಮ್ಮಗನಿಗೆ ನೆದರು ತೆಗೆಯುವವರು. ಹಳೆಯ ಸೀರೆಯ ಅರಿವೆ, ಕಸಬರಿಗೆಯ ಕಡ್ಡಿ, ಒಣಮೆಣಸಿನಕಾಯಿ ಇವನ್ನು ಕೆಂಡಕ್ಕೆ ಹಾಕಿ, ಹೊಗೆ ಎಷ್ಟು ಗಾಢವಾದರೆ ಅಷ್ಟು ಕಣ್ಣು ತಾಗಿತ್ತೆಂದು ಲೆಕ್ಕ. ಆ ಹೊಗೆಯನ್ನೂ ಅವರ ಮನೆಯ ಮೂಗಿಗೆ ನಾನೇ ಪರಿಚಯ ಮಾಡಿಕೊಟ್ಟೆ.

ಪಾಠ ಮುಗಿಸಿ ಏಳುವಾಗ ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳುತ್ತಿದ್ದೆ: ನಿಮ್ಮ ಮೂಗು ಕಲಿತದ್ದು ನಿಮ್ಮ ಹೊಸ್ತಿಲು ದಾಟುವುದಿಲ್ಲ. ಹೆಡ್‌ಮಾಸ್ತರರಿಗೆ ಬೀಡಿಯ ಗುಟ್ಟು ಉಳಿದರೆ ಸಾಕಿತ್ತು. ನನಗೆ ಮಾತ್ರ ಅದು ಗುಟ್ಟಿನ ಮಾತಾಗಿರಲಿಲ್ಲ, ಜೀವದ ಮಾತಾಗಿತ್ತು. ಒಬ್ಬರ ಮನೆಯ ಧೂಪ ಇನ್ನೊಬ್ಬರ ಮನೆಯಲ್ಲಿ ಬೆಂಕಿಯಾಗಿರಬಹುದು. ಪ್ರತಿ ಮನೆಯ ಮೂಗು ಬೇರೆಯಾಗಿರಬೇಕು ಎಂಬ ಪಾಠವನ್ನು ನನಗೆ ಕಲಿಸಿದವರೂ ಗಲಗಲಿ ಸರೇ.

ಹದಿನಾಲ್ಕನೆಯ ಅಂತಸ್ತಿನ ಗೌರಕ್ಕ ಹೂಲಿ ಮಾತ್ರ ನನ್ನನ್ನು ಅಷ್ಟು ಸುಲಭಕ್ಕೆ ನಂಬಲಿಲ್ಲ. ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಟ್ಟು ಮನೆ ನಡೆಸುವ ವಿಧವೆ, ಮಾತು ಕಡಿಮೆ. ಅವರ ಒಬ್ಬಳೇ ಮಗಳು ಶಿವಲೀಲಾ ಚೊಚ್ಚಲ ಬಾಣಂತನಕ್ಕೆ ಬೈಲಹೊಂಗಲದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಬಾಣಂತಿ ಎಂದರೆ ಎಣ್ಣೆನೀರು, ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡ, ತಲೆಗೂದಲಿಗೆ ಲೋಬಾನದ ಹೊಗೆ. ಡಾಕ್ಟರು ಏನೇ ಹೇಳಲಿ, ನಮ್ಮ ಕಡೆ ಕೆಂಡದ ಶೇಕ ಕೊಡದೆ ಬಾಣಂತನ ಆಗುವುದಿಲ್ಲ. ಗೌರಕ್ಕ ನನ್ನನ್ನು ಕರೆಸಿದರು. ಕೆಂಡದ ಹೊಗೆ, ಲೋಬಾನದ ಹೊಗೆ ಎರಡನ್ನೂ ಅವರ ಮೂಗಿಗೆ ಕಲಿಸಿದೆ. ನೆದರಿನ ಹೊಗೆಯೂ ಬೇಕೇನು ಎಂದು ಕೇಳಿದ್ದಕ್ಕೆ ಗೌರಕ್ಕ, ಅಂಥದ್ದನ್ನೆಲ್ಲ ನಮ್ಮ ಮನೆಯಲ್ಲಿ ನಂಬುವುದಿಲ್ಲ ಎಂದು ಖಂಡಿತವಾಗಿ ಹೇಳಿದರು.

ಹೊರಡುವಾಗ ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಅಕ್ಕೋರ, ಬಾಣಂತಿ ಕ್ವಾಣ್ಯಾಗ ಕೆಂಡ ಇದ್ದಾಗ ಹೊಸ್ತಿಲಾ ದಾಟಬಾರದು ಅಂತ ನಮ್ಮ ಅವ್ವ ಹೇಳತಿದ್ಲು. ನಾ ಒಬ್ಬಾಕಿ. ಸಾಮಾನಕ್ಕಂತ ಕೆಳಗ ಇಳಿಯೂದು ಆಗತೈತಿ. ಹೆಂಗ ಮಾಡ್ಲಿ?"

"ಹೋಗಿ ಬರ್ರಿ ಗೌರಕ್ಕಾ. ಇದು ಕುಂತಿರತೈತಲ್ಲ ಇಲ್ಲೆ. ನಿಮ್ಮವ್ವಗ ಒಂದ ಮೂಗು ಇತ್ತು, ನಿಮಗ ಎರಡು."

ಗೌರಕ್ಕ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ನಿಯಂತ್ರಣ ಕೊಠಡಿಯ ಕಥೆ ಬೇರೆಯೇ ಇತ್ತು. ಗೋಡೆಯ ತುಂಬ ಇಡೀ ಗೋಪುರದ ನಕ್ಷೆ, ಒಂದೊಂದು ಮನೆಗೆ ಒಂದೊಂದು ಚುಕ್ಕೆ. ಎಷ್ಟು ಪಾಠ ಹೇಳಿದರೂ ದಿನಕ್ಕೆ ನಾಲ್ಕಾರು ಮೂಗುಗಳು ಸುಳ್ಳೇ ಒದರುತ್ತಿದ್ದವು. ಯಾರೋ ಹೊಸ ಊದುಬತ್ತಿ ತಂದಿರುತ್ತಾರೆ, ಯಾರದೋ ಮನೆಗೆ ಬೀಗರು ಬಂದು ಬದನೆಕಾಯಿ ಸುಟ್ಟಿರುತ್ತಾರೆ. ಮಾಳಿಗೆಯಿಂದ ನೀರು ಸುರಿದು ಹಾಸಿಗೆ ತೊಯ್ದರೆ ಬೈಗುಳ ನನಗೆ. ಅಗ್ನಿಶಾಮಕದವರು ಬಂದು ಬಂದು ಬೇಸತ್ತರು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಗತಿ ನಮಗೂ ಬಂತು. ಕೆಲವರು ಮೂಗಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಕುಳಿತರು.

ಅದೇ ಹೊತ್ತಿಗೆ ದೊಡ್ಡದೊಂದು ಕಟ್ಟಡ ಕಂಪನಿ ತನ್ನ ಊರೂರಿನ ಗೋಪುರಗಳಿಗೆಲ್ಲ ನಮ್ಮ ಮೂಗನ್ನು ಕೇಳಿತು. ಒಂದೇ ಶರತ್ತು: ಮೂಗು ಸುಮ್ಮನಿರುವುದನ್ನು ಕಲಿಯಬೇಕು. ಸರ್ ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಉಪಾಯ ಹೇಳಿದರು. ಎಲ್ಲ ಮನೆಗಳ ಮೂಗುಗಳು ಕಲಿತದ್ದನ್ನು ಒಂದೆಡೆ ಕೂಡಿಸಿ, ಅದನ್ನೇ ಗಾಳಿಯ ಮೂಲಕ ಎಲ್ಲ ಮೂಗುಗಳಿಗೂ ಹಂಚಿಬಿಟ್ಟರೆ? ಆಗ ಹೊಸ ಹೊಗೆ ಎಂಬುದೇ ಅಪರೂಪವಾಗುತ್ತದೆ. ನಾನು ಆಗದು ಎಂದೆ. ಕಲ್ಲವ್ವಜ್ಜಿ ಒಂದು ಹೊಗೆಗೆ ಮಾಫಿ ಕೊಟ್ಟಿದ್ದಾರೆ, ಹೆಡ್‌ಮಾಸ್ತರರು ಒಂದಕ್ಕೆ, ಮೀನಿನವರು ಒಂದಕ್ಕೆ. ಎಲ್ಲರ ಮಾಫಿಯನ್ನೂ ಕೂಡಿಸಿದರೆ ಕೊನೆಗೆ ಬೆಂಕಿಗೇ ಮಾಫಿ ಸಿಗುತ್ತದೆ ಎಂದು ಮೇಜು ಬಡಿದು ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

"ನೀ ಹೇಳೋದು ಖರೆ ಅದ ಇಂದುಮತಿ. ಆಗೂದಿಲ್ಲ ಬಿಡು. ಮಾಡೂದಿಲ್ಲ. ನನ್ನ ಮಾತು."

ನನಗೆ ಅಷ್ಟು ಸಾಕಿತ್ತು. ಗಲಗಲಿ ಸರ್ ಮಾತು ಎಂದರೆ ಕಲ್ಲಿನ ಮೇಲೆ ಬರೆದದ್ದು ಎಂದು ನಂಬಿ ಬೆಳೆದವಳು ನಾನು. ಮುಂದೆ ಕೆಲವೇ ವಾರಗಳಲ್ಲಿ ಸುಳ್ಳು ಕೂಗು ನಿಂತಿತು. ಗೋಡೆಯ ತುಂಬ ಹಸಿರು ಚುಕ್ಕೆಗಳು. ಕೊಠಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಪಾಠ ಕೊನೆಗೂ ಫಲ ಕೊಟ್ಟಿತು ಎಂದು ಬೀಗಿದೆ. ಪೇಡೆ ಹಂಚಿದೆ. ಸರ್ ಕೂಡ ಒಂದು ಪೇಡೆ ತಗೊಂಡು, ಎಲ್ಲ ನಿನ್ನ ಕಷ್ಟದ ಫಲ ಎಂದು ಬೆನ್ನು ತಟ್ಟಿದರು. ಆ ಪೇಡೆ ಅವರ ಗಂಟಲಲ್ಲಿ ಹೇಗೆ ಇಳಿಯಿತೋ ನನಗೆ ಇಂದಿಗೂ ತಿಳಿಯದು.

ಅದು ಒಂದು ಬುಧವಾರ, ಮಧ್ಯಾಹ್ನದ ಊಟವಾದ ಹೊತ್ತು. ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಹದಿನಾಲ್ಕನೆಯ ಅಂತಸ್ತಿನಲ್ಲಿ ಗೌರಕ್ಕನ ಮನೆಯ ಚುಕ್ಕೆ ಹಸಿರಾಗಿ ಮಿಣುಕತೊಡಗಿತು. ಪರಿಚಯದ ಹೊಗೆ. ಶಿವಲೀಲಾಳ ತಲೆಗೆ ಲೋಬಾನ ಹಾಕುತ್ತಿದ್ದಾರೆ ಎಂದುಕೊಂಡು, ಆ ವಾಸನೆ ನೆನೆದು, ನನ್ನ ಬಾಣಂತನವೂ ನೆನಪಾಗಿ, ಒಬ್ಬಳೇ ನಕ್ಕೆ. ಚುಕ್ಕೆ ಮಿಣುಕುತ್ತಲೇ ಇತ್ತು. ಮೊಮ್ಮಗಳಿಗೂ ಹಾಕುತ್ತಿರಬೇಕು ಎಂದುಕೊಂಡೆ. ಹಸಿರು ಎಂದರೆ ಹೆದರಿಕೆಯಿಲ್ಲ ಎಂದು ಇಡೀ ಗೋಪುರಕ್ಕೆ ಕಲಿಸಿದವಳೇ ನಾನಲ್ಲವೇ.

ನಡೆದದ್ದು ಇಷ್ಟು. ಬಾಣಂತಿಗೆ ಕಟ್ಟುವ ಅಂಟಿನ ಉಂಡಿಗೆ ಅಂಟು ಮುಗಿದಿತ್ತು. ಶಿವಲೀಲಾ ಎಣ್ಣೆನೀರು ಹಾಕಿಸಿಕೊಂಡು ಕೋಣೆಯಲ್ಲಿ ಹೊರಸಿನ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಸೆಕೆಯೆಂದು ಕೂಸಿನ ತೊಟ್ಟಿಲನ್ನು ಹೊರಗೆ ಪಡಸಾಲೆಯ ಕಿಟಕಿಯ ಹತ್ತಿರ ಕಟ್ಟಿದ್ದರು. ಗೌರಕ್ಕ ಒಮ್ಮೆ ತಲೆ ಎತ್ತಿ ಮೂಗಿನ ಕಡೆ ನೋಡಿ, ಕೋಣೆಯ ಬಾಗಿಲು ಮುಂದೆ ಮಾಡಿ ಕೆಳಗಿಳಿದರು. ಕೆಳಗಿನ ಅಂಗಡಿಯಲ್ಲಿ ಅಂಟು ಸಿಗದೆ ಮಾರ್ಕೆಟ್ಟಿಗೆ ಹೋದರು. ಮೊದಲಿನ ಗೌರಕ್ಕನಾಗಿದ್ದರೆ ಹೋಗುತ್ತಿರಲಿಲ್ಲ. ಅತ್ತ ಶಿವಲೀಲಾ ಮಗ್ಗುಲು ಬದಲಿಸಿದಾಗ ಹೊದ್ದಿದ್ದ ಕೌದಿಯ ಅಂಚು ಜಾರಿ ಶೇಗಡಿಗೆ ಬಿತ್ತು. ಹಳೆಯ ಸೀರೆ, ಹಳೆಯ ಅಂಗಿಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ. ಅದು ಉರಿಯಲಿಲ್ಲ, ಹೊಗೆಯಾಡಿತು. ಕೆಂಡದ ಹೊಗೆ, ಲೋಬಾನದ ಹೊಗೆ, ಹಳೆಯ ಅರಿವೆಯ ಹೊಗೆ. ಮೂಗು ಮೂರನ್ನೂ ಗುರುತಿಸಿತು. ಪರಿಚಯದವರ ಜೊತೆ ಬಂದವರನ್ನು ಮನೆಯವರು ಒಳಗೆ ಬಿಟ್ಟುಕೊಳ್ಳುವಂತೆ, ಆ ಹೊಗೆಯಲ್ಲಿದ್ದ ವಿಷವನ್ನೂ ನಂಬಿ ಹಸಿರು ಮಿಣುಕಿಸಿತು.

ಗೌರಕ್ಕ ಬಾಗಿಲು ತೆಗೆದಾಗ ಕೂಸು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಶಿವಲೀಲಾ ಏಳಲಿಲ್ಲ.

ಸಂಸ್ಥೆಯ ಹೇಳಿಕೆಯನ್ನು ಗಲಗಲಿ ಸರ್ ಸ್ವತಃ ಗೋಪುರದ ಸಭಾಗೃಹದಲ್ಲಿ ಓದಿದರು. ದನಿಯಲ್ಲಿ ಬಹಳ ಮರುಕವಿತ್ತು. ಮೂಗು ತನಗೆ ಕಲಿಸಿದಂತೆಯೇ ನಡೆದಿದೆ. ಅರಿವೆ ಸುಟ್ಟ ಹೊಗೆಯನ್ನು ಆ ಮನೆಯವರೇ ಎಂದೋ ಅದಕ್ಕೆ ತೋರಿಸಿದ್ದಾರೆ. ಕೆಂಡವಿಟ್ಟ ಕೋಣೆಯಲ್ಲಿ ಬಾಣಂತಿಯನ್ನು ಒಬ್ಬಳನ್ನೇ ಬಿಟ್ಟು ಹೋದದ್ದು ದುರದೃಷ್ಟ. ಕಲಿಸಿದವಳು ನಾನೆಂದೂ, ನನ್ನ ಪಾಠದಲ್ಲಿ ಕೊರತೆಯಿದ್ದರೆ ಸಂಸ್ಥೆ ವಿಚಾರಿಸುವುದೆಂದೂ ಕೊನೆಗೆ ಸೇರಿಸಿದರು. ನಾನು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ.

ಗೌರಕ್ಕನನ್ನು ಯಾರೂ ಎದುರಿಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಲಿಫ್ಟಿನಲ್ಲಿ ಅವರು ಬಂದರೆ ಮಂದಿ ಮಾತು ನಿಲ್ಲಿಸುತ್ತಿದ್ದರು. ಅವರ ರೊಟ್ಟಿಯನ್ನು ತಗೊಳ್ಳುವವರು ಕಡಿಮೆಯಾದರು. ಅಳಿಯ ಗುರುಸಿದ್ಧ ಒಳ್ಳೆಯ ಮನುಷ್ಯ, ಜಗಳವಾಡುವವನಲ್ಲ. ಆದರೆ ದಿನಕರ್ಮ ಮುಗಿದ ಮೇಲೆ ಕೂಸನ್ನು ತಾನೇ ಎತ್ತಿಕೊಳ್ಳತೊಡಗಿದ, ಅತ್ತೆಯ ಕೈಗೆ ಕೊಡುತ್ತಿರಲಿಲ್ಲ. ರವಿವಾರ ಬೈಲಹೊಂಗಲಕ್ಕೆ ಕರೆದುಕೊಂಡು ಹೋಗುತ್ತೇನೆ, ಇನ್ನು ಮುಂದೆ ಮಗು ನಮ್ಮಲ್ಲೇ ಇರಲಿ ಎಂದು ಗೋಡೆಯ ಕಡೆ ನೋಡುತ್ತ ಹೇಳಿದನಂತೆ. ಇನ್ನು ಮುಂದೆ ಎಂದರೆ ಎಂದೆಂದಿಗೂ ಎಂದು ಗೌರಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನನ್ನ ಮನೆಗೆ ಬಂದು, ಒಳಗೂ ಬಾರದೆ, ಬಾಗಿಲಲ್ಲೇ ನಿಂತರು.

"ಅಕ್ಕೋರ, ನಾನ ಕಲಿಸಿದ್ನೇನ್ರಿ ಅದಕ್ಕ ಅರಿಬಿ ಸುಟ್ಟ ಹೊಗಿ? ನನಗ ನೆನಪ ಹಾರೈತೇನ? ಎಲ್ಲಾರೂ ಅಂತಾರ, ನಾನ ಕಲಿಸೀನಿ ಅಂತ. ಹಂಗಾರ ನಾನ ಕೊಂದಂಗ ಆತಲ್ರಿ."

ಕಲಿಸಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಆ ಮೂಗಿಗೆ ಆ ಹೊಗೆ ಎಲ್ಲಿಂದ ಪರಿಚಯವಾಯಿತು? ಸುಡದೆ ಉಳಿದ ಕೌದಿಯ ಒಂದು ತುಂಡನ್ನು ಅವರನ್ನು ಕೇಳಿ ಇಸಕೊಂಡೆ.

ನಮ್ಮ ಮನೆಯಲ್ಲಿ ನೆದರಿಲ್ಲ, ಶೇಗಡಿಯಿಲ್ಲ. ನಮ್ಮ ಮೂಗಿಗೆ ಗೊತ್ತಿದ್ದದ್ದು ಒಗ್ಗರಣೆ, ಕರ್ಪೂರ, ಊದುಬತ್ತಿ ಅಷ್ಟೇ. ಕಬ್ಬಿಣದ ಬಾಣಲೆಯಲ್ಲಿ ಕೌದಿಯ ತುಂಡಿಗೆ ಕಡ್ಡಿ ಗೀರಿ, ಉರಿ ಆರಿಸಿ, ಹೊಗೆಯಾಡಲು ಬಿಟ್ಟು ಮೂಗಿನ ಕೆಳಗೆ ಹಿಡಿದೆ. ಅದು ಒದರಲಿ, ನೀರು ಸುರಿದು ಸೋಫಾ ತೊಯ್ಯಲಿ ಎಂದು ದೇವರನ್ನು ಬೇಡಿಕೊಂಡೆ. ಹುಟ್ಟಿದಾಗಿನಿಂದ ಅರಿವೆಯ ಹೊಗೆ ಕಂಡಿರದ ನನ್ನ ಮನೆಯ ಮೂಗು, ಬೀಗರು ಬಂದರೆಂಬಂತೆ ಹಸಿರು ಕಣ್ಣು ಮಿಟುಕಿಸಿತು.

ಸಾಲದೆಂದು ನಮ್ಮವರನ್ನು ಅಟ್ಟಿ ಒಣಮೀನು ತರಿಸಿದೆ. ಲಿಂಗ ಕಟ್ಟಿದ ಮನೆಯಲ್ಲಿ ಒಣಮೀನು ಸುಟ್ಟವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ನಮ್ಮವರು ತಮ್ಮ ಮೂಗಿಗೆ ಅಂಗೈ ಒತ್ತಿಕೊಂಡು ಕಿಟಕಿಗಳನ್ನೆಲ್ಲ ತೆಗೆದರು. ಹಸಿರು. ಬೀಡಿ ಹಚ್ಚಿದೆ. ಹಸಿರು. ಹೆಡ್‌ಮಾಸ್ತರರ ಗುಟ್ಟು, ಕಲ್ಲವ್ವಜ್ಜಿಯ ನೆದರು, ಕಾರವಾರದ ಮೀನು, ಎಲ್ಲವೂ ನನ್ನ ಮಾಳಿಗೆಯ ಮೇಲೆ ಕುಳಿತಿದ್ದವು. ಯಾವ ಮನೆಯ ಮೂಗೂ ಆ ಮನೆಯದಾಗಿ ಉಳಿದಿರಲಿಲ್ಲ. ನಾನು ಮನೆಮನೆಯಲ್ಲಿ ಕೊಟ್ಟ ಮಾತನ್ನು ಯಾರೋ ಮುರಿದಿದ್ದರು, ಮುರಿಯುವ ಕೈ ಒಂದೇ ಇತ್ತು. ಬಾಣಲೆ ಹಿಡಿದುಕೊಂಡು ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಸರ್ ಅವರನ್ನು ನಿಯಂತ್ರಣ ಕೊಠಡಿಯಲ್ಲಿಯೇ ಹಿಡಿದೆ. ನೇರ ಕೇಳಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಿನ್ನ ಮನೆಯ ಮೂಗು ಕೆಟ್ಟಿರಬೇಕು, ಬದಲಿಸಿಕೊಡುತ್ತೇನೆ ಎಂದರು. ನಿನ್ನ ದುಃಖ ನನಗೆ ತಿಳಿಯುತ್ತದೆ, ಸ್ವಲ್ಪ ದಿನ ರಜೆ ಹಾಕು ಎಂದರು. ಕೂಡಿಸಿಲ್ಲ, ಹಂಚಿಲ್ಲ, ಆಣೆ ಮಾಡಲೇ ಎಂದು ಕೇಳಿದರು. ಅವರ ಆ ಶಾಂತವಾದ ದನಿ ಕೇಳುತ್ತ ಕೇಳುತ್ತ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅರ್ಧ ನಂಬಿಬಿಟ್ಟೆ. ಅಷ್ಟು ವರ್ಷದ ಅಭ್ಯಾಸ ಒಂದು ದಿನಕ್ಕೆ ಬಿಡುವುದಿಲ್ಲ.

ಹೊರಗೆ ಬಂದ ಮೇಲೆ ತಲೆ ಓಡಿತು. ನಾವು ಮಾಡಿದ ಮೊಟ್ಟಮೊದಲ ಮೂಗು ಧಾರವಾಡದ ಸಪ್ತಾಪುರದಲ್ಲಿ ಸರ್ ಮನೆಯ ಪಡಸಾಲೆಯಲ್ಲೇ ಇದೆ. ನೀರಿನ ನಳ ಗಿಳ ಇಲ್ಲದ ಒಂಟಿ ಮನೆ, ಬರೀ ಮೂಗು. ಅದಕ್ಕೆ ಪಾಠ ಹೇಳಿದವಳು ನಾನು. ಸರ್ ಹೆಂಡತಿ ಮಂದಾಕಿನಿ ವೈನಿ ಮಾಡುವ ಹೊಗೆಗಳೆಲ್ಲ ನನಗೆ ಬಾಯಿಪಾಠ. ಅರಿವೆಯ ಹೊಗೆ ಅದರಲ್ಲಿಲ್ಲ. ಅವರ ಮಾಳಿಗೆಯ ಮೂಗು ಅವರ ಕಣ್ಣೆದುರಿಗೇ ಹಸಿರು ಮಿಣುಕಿದರೆ ಆಗ ಯಾವ ಆಣೆ ಮಾಡುತ್ತಾರೋ ನೋಡೋಣ. ಗುರುಸಿದ್ಧನನ್ನು ಕಂಡು, ಮಗುವನ್ನು ಕರೆದೊಯ್ಯುವ ಮೊದಲು ಒಂದೇ ಒಂದು ಕಡೆ ನನ್ನ ಜೊತೆ ಬಾ, ಆಮೇಲೆ ನಿನ್ನಿಷ್ಟ ಎಂದು ಕೈಮುಗಿದೆ. ಅವನು ಬಂದ, ಕೂಸನ್ನು ಎದೆಗೆ ಕಟ್ಟಿಕೊಂ‌ಡೇ ಬಂದ. ಗೌರಕ್ಕನನ್ನೂ ಕರೆದಿದ್ದೆ, ಕಾರಿನಲ್ಲಿ ಅವರು ಆಚೆ ತುದಿಗೆ ಸರಿದು ಕುಳಿತರು.

ಶನಿವಾರ ಬೆಳಗ್ಗೆ. ಸರ್ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತು ಕೂರಿಸಿದರು, ಒಳಗೆ ಚಹಾಕ್ಕೆ ಹೇಳಿದರು. ಗೌರಕ್ಕ ಕೂರಲಿಲ್ಲ.

"ಸರ್, ನನ್ನ ಮನಿ ಮೂಗು ಅರಿಬಿ ಸುಟ್ಟ ಹೊಗಿ ಎಲ್ಲಿ ಕಲೀತು? ಅದೊಂದು ಹೇಳ್ರಿ, ನಾ ಹೋಗತೀನಿ."

"ತಾಯೀ, ಮೂಗು ತಾನಾಗಿ ಏನೂ ಕಲಿಯೂದಿಲ್ಲ. ಮನಿಯವರು ತೋರಿಸಿದ್ದನ್ನ ಕಲೀತದ. ನೀವು ತೋರಿಸಿದ್ದು ನಿಮಗ ನೆನಪಿಲ್ಲ, ಅಷ್ಟ."

ಎಷ್ಟು ಮೆತ್ತಗೆ ಹೇಳಿದರೆಂದರೆ, ಗೌರಕ್ಕ ತಲೆ ತಗ್ಗಿಸಿಬಿಟ್ಟರು. ಗುರುಸಿದ್ಧ ನಿಟ್ಟುಸಿರು ಬಿಟ್ಟ. ನನಗೆ ಮೈ ಉರಿದುಹೋಯಿತು. ಚೀಲದಿಂದ ಬಾಣಲೆ ತೆಗೆದು, ಅದರಲ್ಲಿ ಕೌದಿಯ ತುಂಡು ಇಟ್ಟು, ಅವರು ಬೇಡ ಎನ್ನುವಷ್ಟರಲ್ಲಿ ಕಡ್ಡಿ ಗೀರಿದೆ. ಉರಿ ಊದಿ ಆರಿಸಿದೆ. ಗೌರಕ್ಕನ ಹಳೆಯ ಸೀರೆಯ ಹೊಗೆ ಮೇಲೆದ್ದಿತು. ಈಗ ನೋಡು, ಹಸಿರು ಮಿಣುಕುತ್ತದೆ ಎಂದು ಗುರುಸಿದ್ಧನಿಗೆ ಹೇಳಿದೆ.

ಮೂಗು ಒದರಿತು.

ಕಿವಿ ಕಿತ್ತುಹೋಗುವಂತೆ ಒದರಿತು. ಕೆಂಪು ದೀಪ ಹೊತ್ತಿತು. ಕೂಸು ಬೆಚ್ಚಿ ಎದ್ದು ಅಳತೊಡಗಿತು. ಗುರುಸಿದ್ಧ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ: ಮೂಗು ಸರಿಯಾಗಿದೆ, ಸುಳ್ಳುಗಾರಳು ನೀನು. ಹಾಗಾದರೆ ನನ್ನ ಮನೆಯ ಮೂಗು ನಿಜಕ್ಕೂ ಕೆಟ್ಟಿತ್ತೇ, ಗುರುವಿನ ಮೇಲೆ ಹುಚ್ಚಿಯಂತೆ ಅಪವಾದ ಹೊರಿಸಿದೆನೇ ಎಂದು ಒಂದು ಕ್ಷಣ ನೆಲವೇ ಬಾಯಿ ಬಿಟ್ಟಂತಾಯಿತು. ಸರ್ ಕಡೆ ನೋಡಿದೆ. ಗೆದ್ದವರ ಮುಖ ಅದಾಗಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಮಂದಾಕಿನಿ ವೈನಿ ಅಡಿಗೆಮನೆಯಿಂದ ಚಹಾದ ಸೋಸುಕ ಕೈಯಲ್ಲೇ ಹಿಡಿದು ಓಡಿ ಬಂದರು. ನನ್ನ ಬಾಣಲೆ ನೋಡಿ, ಮಾಳಿಗೆ ನೋಡಿ, ನಮ್ಮ ಗಾಬರಿ ನೋಡಿ ಪಾಪ ನಗುತ್ತ ಸಮಾಧಾನ ಹೇಳಿದರು.

"ಹೆದರಬ್ಯಾಡ್ರಿ, ನಮ್ಮದು ಹಳೇದ ಅದ, ಜರಾ ಹೊಸಾ ಹೊಗಿ ಬಂದ್ರ ಹಿಂಗ ಒದರತದ. ಬದಲ ಮಾಡ್ಲಿಕ್ಕೆ ಆಫೀಸಿನ ಹುಡುಗ್ರು ಬಂದಿದ್ರು, ಇವರು ಬಿಡ್ಲಿಲ್ಲ. ಊರ ಮಂದಿ ಮನಿ ಹೊಗಿ ಎಲ್ಲಾ ಕಲತ ಮೂಗು ನಮಗ ಬ್ಯಾಡ, ನಮ್ಮ ಮನಿ ಮೂಗ ನಮಗಿರಲಿ ಅಂದ್ರು."

ವೈನಿಗೆ ತಾನು ಹೇಳಿದ್ದೇನೆಂದು ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೇ ನೋಡುತ್ತ ಅವರ ನಗು ತಾನಾಗಿ ಆರಿತು. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದು ಬಾಯಿಮಾತಿಗೆ ಎಷ್ಟೋ ಸಲ ಅಂದಿದ್ದೇನೆ. ಅದು ಹೇಗಿರುತ್ತದೆ ಎಂದು ಅಂದೇ ತಿಳಿದದ್ದು. ಸರ್‌ಗೆ ಅಪಾಯ ಗೊತ್ತಿತ್ತು. ನಾನು ಮೇಜು ಬಡಿದು ಹೇಳಿದ ಒಂದೊಂದು ಮಾತೂ ಅವರಿಗೆ ಸರಿ ಎನಿಸಿತ್ತು. ಸರಿ ಎನಿಸಿದ್ದರಿಂದಲೇ ತಮ್ಮ ಹೆಂಡತಿ ಮಲಗುವ ಮನೆಗೆ ಹಳೆಯ ಮೂಗನ್ನು ಉಳಿಸಿಕೊಂಡು, ಉಳಿದವರ ಮನೆಗಳ ಮೂಗುಗಳಿಗೆ ಎಲ್ಲರ ಹೊಗೆಯನ್ನೂ ಹಂಚಿದ್ದರು.

ಸರ್ ಕಣ್ಣು ತೆರೆದು, ಇಂದುಮತಿ ಎಂದು ಏನೋ ಹೇಳಲು ಹೊರಟರು. ಕೂಗಿನಲ್ಲಿ ಕೇಳಿಸಲಿಲ್ಲ, ಕೇಳುವ ಮನಸ್ಸೂ ನನಗಿರಲಿಲ್ಲ. ಮೂಲೆಯಲ್ಲಿದ್ದ ಕೋಲು ತಗೊಂಡು ಮೂಗಿನ ಗುಂಡಿ ಒತ್ತಲು ಅವರು ಕೈ ಎತ್ತಿದಾಗ ಗುರುಸಿದ್ಧ ಅಡ್ಡ ಬಂದು ನಿಂತ. ಸರ್ ಕೋಲು ಇಳಿಸಿದರು.

ಗೌರಕ್ಕ ಆ ಕೆಂಪು ದೀಪವನ್ನೇ ನೋಡುತ್ತಿದ್ದರು. ಮೂಗು ಬಂದಾಗಿನಿಂದ ಅವರ ಮನೆಯಲ್ಲಿ ಅದು ಒಮ್ಮೆಯೂ ಒದರಿರಲಿಲ್ಲ. ಅದರ ದನಿ ಅವರು ಕೇಳಿದ್ದು ಅದೇ ಮೊದಲು.

"ಹಿಂಗ ಒದರತೈತೇನ್ರಿ ಇದು?" ಎಂದು ನನ್ನನ್ನು ಕೇಳಿದರು. "ಇಷ್ಟು ಜೋರ ಒದರಿದ್ರ ಎದ್ದ ಬಿಡತಿದ್ಲಲ್ರಿ ಆಕಿ."

ನಾನು ಹೂಂ ಎಂದೆ.

ಕೂಸು ಅಳು ನಿಲ್ಲಿಸಿರಲಿಲ್ಲ. ಗುರುಸಿದ್ಧ ಅದನ್ನು ತಟ್ಟಿದ, ತೂಗಿದ, ಆಗಲಿಲ್ಲ. ಆಮೇಲೆ ಎದೆಗೆ ಕಟ್ಟಿದ್ದ ಅರಿವೆಯ ಗಂಟು ಬಿಚ್ಚಿ, ಅತ್ತೆಯ ಹತ್ತಿರ ಹೋಗಿ ಅವರ ಎರಡೂ ಕೈಗಳಿಗೆ ಕೂಸನ್ನು ಇಟ್ಟ. ಹಿಡೀರಿ ಅತ್ತಿ ಎಂದ. ಗೌರಕ್ಕ ನೆಲದ ಮೇಲೆ, ಸರಿಯಾಗಿ ಆ ಮೂಗಿನ ಕೆಳಗೆ ಕುಳಿತು, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಿವಿಗಳಿಗೆ ಸೆರಗು ಒತ್ತಿ ಹಿಡಿದರು. ವೈನಿ, ಅದನ್ನು ಬಂದ್ ಮಾಡಲೇ ಎಂದು ಮೆಲ್ಲಗೆ ಕೇಳಿದರು.

"ಬಂದ್ ಮಾಡಬ್ಯಾಡ್ರಿ," ಎಂದರು ಗೌರಕ್ಕ. "ಒದರಲಿ."

ನನ್ನ ಬಾಣಲೆಯಲ್ಲಿ ಕೌದಿಯ ತುಂಡು ಇನ್ನೂ ಹೊಗೆಯಾಡುತ್ತಿತ್ತು. ಅದು ಆರದಂತೆ ಊದಿ ಗೌರಕ್ಕನ ಪಕ್ಕದಲ್ಲಿ ನೆಲಕ್ಕಿಟ್ಟೆ. ಕೂಗು ಕೇಳಿ ನೆರೆಯವರು ಒಬ್ಬೊಬ್ಬರೇ ಗೇಟಿನ ಹತ್ತಿರ ಸೇರಿ, ಎಲ್ಲಿ ಬೆಂಕಿ, ಯಾರ ಮನೆಯಲ್ಲಿ ಬೆಂಕಿ ಎಂದು ಕೇಳತೊಡಗಿದ್ದರು. ನಾನು ಅವರಿಗೆ ಹೇಳಲು ಗೇಟು ತೆಗೆದೆ.